ಕೊರತೆಯ ಕಾಲ ಬಿಡಿಸಿದ ದನಿ

1943ರಲ್ಲಿ ಮದರಾಸಿನಲ್ಲಿ ಸಿನಿಮಾ ತೆಗೆಯಲು ಹೊರಟವರಿಗೆ ದುಡ್ಡಿಗಿಂತ ದುರ್ಲಭವಾಗಿದ್ದುದು ಕಚ್ಚಾ ಫಿಲ್ಮು. ಅದು ಹೊರದೇಶದಿಂದ ಹಡಗಿನಲ್ಲಿ ಬರಬೇಕಿತ್ತು, ಹಡಗುಗಳೆಲ್ಲ ಯುದ್ಧದ ಕೆಲಸಕ್ಕೆ ಹೋಗಿದ್ದವು. ಅಕ್ಕಿ, ಸೀಮೆಎಣ್ಣೆಗಳಂತೆ ಫಿಲ್ಮಿಗೂ ಸರ್ಕಾರ ಹಂಚಿಕೆಯ ಕಟ್ಟು ಹಾಕಿತು. ಪರವಾನಗಿ ಇಲ್ಲದೆ ಸುರುಳಿ ಸಿಗುತ್ತಿರಲಿಲ್ಲ. ಸಿಕ್ಕರೂ ಚಿತ್ರ 11,000 ಅಡಿ ಮೀರುವಂತಿರಲಿಲ್ಲ. ನಿಮಿಷಕ್ಕೆ 90 ಅಡಿ ಓಡುವ ಫಿಲ್ಮಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಎರಡು ಗಂಟೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 173 ನಿಮಿಷದ್ದು, ಅಂದರೆ ಹದಿನೈದೂವರೆ ಸಾವಿರ ಅಡಿ. ಹಾಡಿನ ಮೇಲೆ ಹಾಡು ಪೋಣಿಸಿ ರಾತ್ರಿಯೆಲ್ಲ ಕತೆ ಹೇಳುವ ಕಂಪನಿ ನಾಟಕದ ಹೊಟ್ಟೆಯಿಂದ ಹುಟ್ಟಿದ ನಮ್ಮ ಸಿನಿಮಾಕ್ಕೆ ಇದು ಉಸಿರು ಕಟ್ಟಿಸುವ ಅಳತೆ.

ಅದೇ ವರ್ಷ ಆರ್. ನಾಗೇಂದ್ರರಾಯರು ನಿರ್ದೇಶಿಸಿದ ಕನ್ನಡ ಚಿತ್ರ ‘ಸತ್ಯ ಹರಿಶ್ಚಂದ್ರ’ ತೆರೆಗೆ ಬಂತು. ಹರಿಶ್ಚಂದ್ರನಾಗಿ ಎಂ. ವಿ. ಸುಬ್ಬಯ್ಯ ನಾಯ್ಡು, ಚಂದ್ರಮತಿಯಾಗಿ ಲಕ್ಷ್ಮೀಬಾಯಿ. ಹಣ ಹಾಕಿದವರು ಕಾರೈಕುಡಿಯ ಎ. ವಿ. ಮೆಯ್ಯಪ್ಪ ಚೆಟ್ಟಿಯಾರ್, ಮುಂದೆ ಎವಿಎಂ ಎಂಬ ಮೂರಕ್ಷರದಿಂದ ನಾಡಿಗೆಲ್ಲ ಪರಿಚಿತರಾದವರು. ಚಿತ್ರ ಕನ್ನಡದಲ್ಲಿ ಗೆದ್ದಿತು. ಅದರ ಬೆನ್ನಿಗೇ ಚೆಟ್ಟಿಯಾರರು ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಮಾಡದಿದ್ದ ಕೆಲಸಕ್ಕೆ ಕೈಹಾಕಿದರು. ಚಿತ್ರವನ್ನು ಹಾಗೆಯೇ ಉಳಿಸಿಕೊಂಡು ಕನ್ನಡದ ದನಿಯನ್ನು ತೆಗೆದು ಅದರ ಜಾಗದಲ್ಲಿ ತಮಿಳಿನ ಮಾತು, ತಮಿಳಿನ ಹಾಡು ಕೂರಿಸಿದರು. ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಚರಿತ್ರೆಕಾರರು ಗುರುತಿಸುವುದು ಇದನ್ನೇ.

ಈ ಉಪಾಯ ಒಂದು ದಿನದಲ್ಲಿ ಹೊಳೆದದ್ದಲ್ಲ. ಹಾಡುವವರ ದನಿಯನ್ನು ಅವರ ದೇಹದಿಂದ ಬಿಡಿಸಬಹುದು ಎಂಬುದನ್ನು ಸಿನಿಮಾದವರು ಕಂಡುಕೊಂಡದ್ದು ಹದಿನೈದು ವರ್ಷಗಳ ಅವಧಿಯಲ್ಲಿ, ಹಂತ ಹಂತವಾಗಿ, ಮೂರು ಊರುಗಳಲ್ಲಿ. ಆ ಹದಿನೈದು ವರ್ಷಗಳು ಲೋಕಕ್ಕೆ ಆರ್ಥಿಕ ಮಹಾಕುಸಿತ ಮತ್ತು ಮಹಾಯುದ್ಧಗಳು ಬಡಿದ ವರ್ಷಗಳೂ ಹೌದು. ಕೈ ಬಿಗಿಯಾದಾಗ ಹಾಡಿನ ಚಿತ್ರ ಹೇಗೆ ಬದುಕಿತು ಎಂದು ಕೇಳಿದರೆ, ಜನ ದುಃಖ ಮರೆಯಲು ಬಂದರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಅರ್ಧ ಸತ್ಯ. ಮಿಕ್ಕರ್ಧ ತೆರೆಯ ಹಿಂದಿನದು: ಹಾಡನ್ನು ಕಡಿಮೆ ಖರ್ಚಿನಲ್ಲಿ ತೆಗೆಯುವ ದಾರಿ ಹುಡುಕಿದ ಕುಶಲಿಗಳ ಬುದ್ಧಿ.

ಮೊದಲ ಹಂತ ಹಾಲಿವುಡ್ಡಿನದು. 1927ರ ಅಕ್ಟೋಬರಿನಲ್ಲಿ ‘ದ ಜಾಝ್ ಸಿಂಗರ್’ ತೆರೆಯ ಮೇಲೆ ಹಾಡಿದಾಗಿನಿಂದ ಎಲ್ಲ ಕಂಪನಿಗಳಿಗೂ ಹಾಡಿನ ಹುಚ್ಚು ಹಿಡಿಯಿತು. ಎಂಜಿಎಂ ಕಂಪನಿ 1929ರಲ್ಲಿ ಹೊರತಂದ ‘ದ ಬ್ರಾಡ್‌ವೇ ಮೆಲೊಡಿ’ಯಲ್ಲಿ ಒಂದು ದೊಡ್ಡ ನೃತ್ಯಗೀತೆ ಇತ್ತು. ಅದು ನಾಟಕದ ರಂಗವನ್ನೇ ದೂರದಿಂದ ನೋಡಿದಂತಿದೆ, ಮತ್ತೆ ತೆಗೆಯಿರಿ ಎಂದು ನಿರ್ಮಾಪಕ ಇರ್ವಿಂಗ್ ಥಾಲ್ಬರ್ಗ್ ಹಟ ಹಿಡಿದರು. ಮತ್ತೆ ತೆಗೆಯುವುದೆಂದರೆ ವಾದ್ಯವೃಂದವನ್ನೆಲ್ಲ ಮತ್ತೆ ಕರೆಸಿ ಕೂಲಿ ಕೊಡಬೇಕು. ಆಗ ಶಬ್ದ ವಿಭಾಗದ ಡಗ್ಲಸ್ ಶಿಯರರ್ ಒಂದು ದಾರಿ ತೋರಿದರು. ಹಾಡಿನ ಮುದ್ರಣ ಚೆನ್ನಾಗಿಯೇ ಇದೆ, ಅದನ್ನು ಧ್ವನಿವರ್ಧಕದಲ್ಲಿ ಹಾಕಿ ಕುಣಿಯುವವರು ಅದಕ್ಕೆ ಕುಣಿಯಲಿ, ಕ್ಯಾಮೆರಾ ಚಿತ್ರವನ್ನಷ್ಟೇ ಹಿಡಿಯಲಿ. ಉಳಿತಾಯಕ್ಕೆಂದು ಮಾಡಿದ್ದು ಕ್ಯಾಮೆರಾಕ್ಕೆ ಬಿಡುಗಡೆ ತಂದಿತು. ಶಬ್ದ ಹಿಡಿಯುವ ಗೊಡವೆ ಇಲ್ಲದಿದ್ದರೆ ಕ್ಯಾಮೆರಾ ಎಲ್ಲಿ ಬೇಕಾದರೂ ಹೋಗಬಹುದು.

ಕೆಲವೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಸಾಲುಗಟ್ಟಿ ಬಂದ ಸಂಗೀತಚಿತ್ರಗಳಿಂದ ಪ್ರೇಕ್ಷಕರಿಗೂ ಬೇಸರ ಹಿಡಿದಿತ್ತು. 1930ರಲ್ಲಿ ವಾರಕ್ಕೆ ಅಂದಾಜು 9 ಕೋಟಿ ಟಿಕೆಟು ಕೊಳ್ಳುತ್ತಿದ್ದ ಅಮೆರಿಕದ ಜನ ಎರಡು ವರ್ಷದಲ್ಲಿ 6 ಕೋಟಿಗೆ ಇಳಿದರು. ಹಾಡಿನ ಚಿತ್ರಗಳ ಕಾಲ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿದ್ದಾಗ, 1933ರಲ್ಲಿ ವಾರ್ನರ್ ಕಂಪನಿ ‘ಫಾರ್ಟಿಸೆಕೆಂಡ್ ಸ್ಟ್ರೀಟ್’ ತಂದಿತು. ನೃತ್ಯ ಸಂಯೋಜಕ ಬಸ್ಬಿ ಬರ್ಕ್‌ಲಿ ಕ್ಯಾಮೆರಾವನ್ನು ಚಾವಣಿಗೆ ಏರಿಸಿ ಕೆಳಗೆ ಕುಣಿಯುವವರನ್ನು ಹೂವಿನಂತೆ ಅರಳಿಸಿದರು. ಹಾಡು ಮೊದಲೇ ಮುದ್ರಣವಾಗಿರದಿದ್ದರೆ ಅದು ಆಗುವ ಮಾತಾಗಿರಲಿಲ್ಲ. ಅದೇ ವರ್ಷದ ‘ಗೋಲ್ಡ್ ಡಿಗ್ಗರ್ಸ್ ಆಫ್ 1933’ ಹಣದ ಹಾಡಿನಿಂದ ಶುರುವಾಗುತ್ತದೆ. ಆ ಹಾಡಿನ ತಾಲೀಮು ನಡೆಯುತ್ತಿರುವಾಗಲೇ ಸಾಲ ಕೊಟ್ಟವರ ಕಡೆಯವರು ಬಂದು ವೇಷಭೂಷಣ ಜಪ್ತಿ ಮಾಡುತ್ತಾರೆ. ಚಿತ್ರ ಮುಗಿಯುವುದು ಯುದ್ಧದಿಂದ ಹಿಂತಿರುಗಿ ಕೆಲಸವಿಲ್ಲದೆ ಬೀದಿಗೆ ಬಿದ್ದ ಸೈನಿಕರ ಹಾಡಿನಿಂದ. ಮರೆಸುವ ಹಾಡೂ ನೆನಪಿಸುವ ಹಾಡೂ ಒಂದೇ ಚಿತ್ರದಲ್ಲಿದ್ದವು.

ನಮ್ಮಲ್ಲಿ ಮಾತಿನ ಚಿತ್ರ ಹುಟ್ಟಿದ್ದೇ ಕುಸಿತದ ನಡುವೆ. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಟಾಕೀಸಿನಲ್ಲಿ ‘ಆಲಂ ಆರಾ’, ಅಕ್ಟೋಬರ್ 31ರಂದು ಮದರಾಸಿನ ಕಿನೆಮಾ ಸೆಂಟ್ರಲ್‌ನಲ್ಲಿ ‘ಕಾಳಿದಾಸ್’. ಅದೇ ಹೊತ್ತಿಗೆ ಮದರಾಸು ಪ್ರಾಂತದಲ್ಲಿ ಭತ್ತದ ಬೆಲೆ ಸುಮಾರು ಅರ್ಧಕ್ಕೆ ಬಿದ್ದಿತ್ತು, ಹಳ್ಳಿಯ ಲೇವಾದೇವಿ ಕುಸಿದಿತ್ತು. ಊರೂರು ಸುತ್ತಿ ಡೇರೆ ಹಾಕುತ್ತಿದ್ದ ನಾಟಕ ಕಂಪನಿಗಳಿಗೆ ಕಲೆಕ್ಷನ್ ಇಳಿದಿತ್ತು. ಒಳ್ಳೆಯ ಕಂಠದ ನಟರು ಸಿನಿಮಾದ ಬಾಗಿಲು ತಟ್ಟಿದರು. ಸಿನಿಮಾಕ್ಕೂ ಅವರೇ ಬೇಕಿತ್ತು, ಹಾಡು ಬಾರದವರಿಗೆ ಅಲ್ಲಿ ಕೆಲಸವಿರಲಿಲ್ಲ. ಹಾಡಿಗಾಗಿ ಕಾಸು ಕೊಡುವ ಪ್ರೇಕ್ಷಕರನ್ನು ಗುಬ್ಬಿ ಕಂಪನಿ, ವರದಾಚಾರ್ಯರ ರತ್ನಾವಳಿ ಕಂಪನಿಗಳಂಥವು ಅಷ್ಟು ಹೊತ್ತಿಗೆ ಬೆಳೆಸಿ ಇಟ್ಟಿದ್ದವು.

ಕನ್ನಡಕ್ಕೆ ಮಾತ್ರ ಸ್ವಂತ ಸ್ಟುಡಿಯೊ ಇರಲಿಲ್ಲ. ವೈ. ವಿ. ರಾವ್ ನಿರ್ದೇಶನದ ‘ಸತಿ ಸುಲೋಚನ’ವನ್ನು ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ, 40,000 ರೂಪಾಯಿ ಖರ್ಚಿನಲ್ಲಿ ತೆಗೆದು ತಂದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ ಅದು ತೆರೆಕಂಡಿತು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ಸಂಗೀತವೂ ನಾಗೇಂದ್ರರಾಯರದೇ.

ಆಗ ಹಾಡು ತೆಗೆಯುವ ಪಾಡು ಕೇಳಬೇಕು. ನಟ ಹಾಡುತ್ತಲೇ ಅಭಿನಯಿಸಬೇಕು, ಚಿತ್ರವೂ ಶಬ್ದವೂ ಒಟ್ಟಿಗೆ ಮುದ್ರಣವಾಗಬೇಕು. ಹಾರ್ಮೋನಿಯಂ, ತಬಲದವರು ಕ್ಯಾಮೆರಾಕ್ಕೆ ಕಾಣದಂತೆ ಗಿಡದ ಮರೆಗೋ ಕಂಬದ ಹಿಂದಕ್ಕೋ ಕೂತು ನುಡಿಸಬೇಕು. ನಟ ಮೈಕಿನಿಂದ ಎರಡು ಹೆಜ್ಜೆ ದೂರ ಸರಿದರೆ ದನಿ ಮಂಕು. ಚರಣದ ಕೊನೆಯಲ್ಲಿ ಒಂದು ಸ್ವರ ಜಾರಿದರೆ ಅಷ್ಟೂ ಫಿಲ್ಮು ವ್ಯರ್ಥ. ಬಯಲಲ್ಲಿ ಚಿತ್ರೀಕರಣವಾದರೆ ಕಾಗೆಗಳ ಕಾಟ. ಅವನ್ನು ಓಡಿಸಲು ಬಂದೂಕು ಹಿಡಿದ ಆಳನ್ನು ಇಟ್ಟುಕೊಂಡಿದ್ದ ಕತೆ ಮದರಾಸಿನ ಚಿತ್ರರಂಗದಲ್ಲಿ ಹಳಬರಿಂದ ಹೊಸಬರಿಗೆ ಇಳಿದು ಬಂದಿದೆ. 1934ರಲ್ಲಿ ಪೂನಮಲ್ಲಿ ಹೈರೋಡಿನ ಶ್ರೀನಿವಾಸ ಸಿನೆಟೋನಿನಲ್ಲಿ ಎ. ನಾರಾಯಣನ್ ಮದರಾಸಿನಲ್ಲೇ ತಯಾರಾದ ಮೊದಲ ವಾಕ್ಚಿತ್ರ ‘ಶ್ರೀನಿವಾಸ ಕಲ್ಯಾಣಂ’ ತೆಗೆದಾಗ ಶಬ್ದಮುದ್ರಣ ಮಾಡಿದವರು ಅವರ ಪತ್ನಿ ಮೀನಾಕ್ಷಿ. ಈ ದೇಶದ ಮೊದಲ ಮಹಿಳಾ ಶಬ್ದಮುದ್ರಕಿ ಎಂಬ ಗೌರವ ಅವರದು. ಚೆನ್ನೈನಲ್ಲಿ ನಾನಿರುವ ಮಾಧವರಂನಿಂದ ಇದೇ ಹೈರೋಡನ್ನು ಹಾಯ್ದು ಕೀಲ್ಪಾಕ್, ಜೆಮಿನಿ, ಅಡ್ಯಾರ್ ಕಡೆಗೆ ಹೊಸ ಮೆಟ್ರೊ ಮಾರ್ಗದ ಕೆಲಸ ನಡೆದಿದೆ. ಸಿನಿಮಾ ಎಂದರೆ ಕೋಡಂಬಾಕ್ಕಂ ಎಂದಷ್ಟೇ ತಿಳಿದವರು ಗಮನಿಸಬೇಕಾದ ಮಾತು ಇದು: ಮದರಾಸು ಶಬ್ದ ಹಿಡಿಯುವುದನ್ನು ಮೊದಲು ಕಲಿತದ್ದು ಈ ಹಾದಿಯ ಆಸುಪಾಸಿನಲ್ಲೇ.

ಎರಡನೇ ಹಂತ ಕಲಕತ್ತೆಯದು. ನ್ಯೂ ಥಿಯೇಟರ್ಸ್‌ನ ನಿರ್ದೇಶಕ ನಿತಿನ್ ಬೋಸ್ ಒಂದು ದಿನ ಗ್ರಾಮಾಫೋನ್ ತಟ್ಟೆಯ ಜೊತೆ ದನಿಗೂಡಿಸಿ ಹಾಡುತ್ತಿದ್ದ ಪಂಕಜ್ ಮಲ್ಲಿಕರನ್ನು ಕಂಡರಂತೆ. ತುಟಿ ಮಲ್ಲಿಕರದು, ದನಿ ತಟ್ಟೆಯದು, ನೋಡುವವರಿಗೆ ಎರಡೂ ಒಂದೇ. ಸಿನಿಮಾದಲ್ಲೂ ಹೀಗೇಕೆ ಮಾಡಬಾರದು ಎಂದು ಅವರಿಗೆ ಹೊಳೆದ ಕತೆಯನ್ನು ಚಿತ್ರರಂಗ ಇಂದಿಗೂ ಹೇಳುತ್ತದೆ. ಅವರ ತಮ್ಮ, ಶಬ್ದಮುದ್ರಕ ಮುಕುಲ್ ಬೋಸ್ ಅದನ್ನು ಕೆಲಸಕ್ಕೆ ಇಳಿಸಿದರು, ರಾಯ್‌ಚಂದ್ ಬೋರಾಲ್ ಸಂಗೀತ ಕೊಟ್ಟರು. 1935ರಲ್ಲಿ ಬಂಗಾಳಿಯ ‘ಭಾಗ್ಯಚಕ್ರ’, ಹಿಂದಿಯ ‘ಧೂಪ್ ಛಾಂವ್’ ತೆರೆಗೆ ಬಂದವು. ಹಿನ್ನೆಲೆ ಗಾಯನ ನಮ್ಮ ದೇಶದಲ್ಲಿ ನೆಲೆಯೂರಿದ್ದು ಅಲ್ಲಿಂದ. ಹಾಲಿವುಡ್ಡಿನಲ್ಲಿ ಕುಣಿಯುವವರು ಮೊದಲೇ ಮುದ್ರಿಸಿದ ಹಾಡಿಗೆ ಕುಣಿದಿದ್ದರೆ, ಕಲಕತ್ತೆಯಲ್ಲಿ ಬೇರೆಯವರ ದನಿಗೆ ತುಟಿಯಾಡಿಸುವುದು ಸಾಧ್ಯವಾಯಿತು.

ಮೂರನೆಯ ಹಂತಕ್ಕೆ ಬೇಕಿದ್ದವರು ದನಿಯನ್ನು ಸರಕಿನಂತೆ ಕೈಯಲ್ಲಿ ಹಿಡಿದು ಮಾರಿ ಗೊತ್ತಿದ್ದವರು. ಅಂಥವರು ಮೆಯ್ಯಪ್ಪ ಚೆಟ್ಟಿಯಾರ್. ಕಾರೈಕುಡಿಯ ನಾಟುಕೋಟೆ ಚೆಟ್ಟಿಯಾರರ ದುಡ್ಡು ಬರ್ಮಾದ ಗದ್ದೆಗಳ ಮೇಲಿನ ಸಾಲದಲ್ಲಿತ್ತು. ಅಕ್ಕಿ ಬೆಲೆ ಕುಸಿದು ರೈತರು ಸಾಲ ತೀರಿಸಲಾರದೆ ಹೋದಾಗ ಸಾಲದ ಬದಲು ನೆಲ ಅವರ ಕೈಗೆ ಬಂತು. ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಶೇ 6ರಷ್ಟು ಭೂಮಿ ಅವರ ಹೆಸರಿನಲ್ಲಿದ್ದರೆ 1938ರ ಹೊತ್ತಿಗೆ ಶೇ 25. ನೆಲ ಕೈಗೆ ಬಂತು, ನಗದು ಕೈಬಿಟ್ಟಿತು. ಸಮುದಾಯದ ಕೆಲವರು ಊರಿನಲ್ಲೇ ಹೊಸ ವ್ಯಾಪಾರ ಹುಡುಕಿದ ಕಾಲ ಅದು. ಮೆಯ್ಯಪ್ಪನವರ ಮನೆಯದು ಅಂಗಡಿ ವ್ಯಾಪಾರ, ಅಲ್ಲಿ ಗ್ರಾಮಾಫೋನ್ ತಟ್ಟೆಯೂ ಮಾರಾಟಕ್ಕಿತ್ತು. 1930ರ ದಶಕದ ಮೊದಲಲ್ಲಿ ಅವರು ಮದರಾಸಿಗೆ ಬಂದು ಪಾಲುದಾರರೊಂದಿಗೆ ಸರಸ್ವತಿ ಸ್ಟೋರ್ಸ್ ತೆರೆದು ಓಡಿಯನ್ ಕಂಪನಿಯ ತಟ್ಟೆಗಳನ್ನು ಹೊರತಂದರು. ಇಡೀ ನಾಟಕವನ್ನೇ ಹಲವು ತಟ್ಟೆಗಳಲ್ಲಿ ಮುದ್ರಿಸಿ ಒಂದು ಕಟ್ಟಾಗಿ ಮಾರುವ ರೂಢಿ ಆಗ ಇತ್ತು. ಕೊಂಡವರು ಮುಖ ಕಾಣದೆ ದನಿ ಕೇಳಿಯೇ ಕಣ್ಣೀರು ಹಾಕುತ್ತಿದ್ದರು. ಈ ವ್ಯಾಪಾರದಲ್ಲಿ ಪಳಗಿದವರಿಗೆ ದನಿ ಬೇರೆ, ಆಳು ಬೇರೆ ಎಂಬುದನ್ನು ಯಾರೂ ಕಲಿಸಬೇಕಿರಲಿಲ್ಲ.

ಸಿನಿಮಾದಲ್ಲಿ ಅವರ ಮೊದಲ ಹೆಜ್ಜೆಗಳು ಸೋತವು. 1935ರ ‘ಅಲ್ಲಿ ಅರ್ಜುನ’ವೂ ಬೆನ್ನಿಗೆ ಬಂದ ‘ರತ್ನಾವಳಿ’ಯೂ ನೆಲಕಚ್ಚಿದವು. 1938ರ ‘ನಂದಕುಮಾರ್’ನಲ್ಲಿ ನಟಿಯೊಬ್ಬರ ಹಾಡುಗಾರಿಕೆ ಸಾಲದೆಂದು ಕಂಡಾಗ ಅವರು ಲಲಿತಾ ವೆಂಕಟರಾಮನ್ ಅವರಿಂದ ಹಾಡಿಸಿ ಆ ದನಿಯನ್ನು ನಟಿಯ ತುಟಿಗೆ ಕೂಡಿಸಿದರು. ತಮಿಳು ಚಿತ್ರರಂಗದ ಹಿನ್ನೆಲೆ ಗಾಯನದ ಚರಿತ್ರೆ ಈ ಚಿತ್ರದಿಂದ ಶುರುವಾಗುತ್ತದೆ.

ಕನ್ನಡಿಗರ ನಂಟು ಬಲಿತದ್ದು ಇದಾದ ಮೇಲೆ. ಸುಬ್ಬಯ್ಯ ನಾಯ್ಡು ಮತ್ತು ನಾಗೇಂದ್ರರಾಯರ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಆಡುತ್ತಿದ್ದ ‘ಭೂಕೈಲಾಸ’ ಚೆಟ್ಟಿಯಾರರ ಮನಸ್ಸು ಹಿಡಿಯಿತು. 1940ರಲ್ಲಿ ಅವರು ಅದನ್ನು ತೆಗೆದರು, ಆದರೆ ತೆಲುಗಿನಲ್ಲಿ. ಮಂಗಳೂರು ಕಡೆಯ ಸುಂದರರಾವ್ ನಾಡಕರ್ಣಿ ನಿರ್ದೇಶಕರು, ನಾಯ್ಡು ರಾವಣ, ನಾಗೇಂದ್ರರಾಯರು ನಾರದ. ಕನ್ನಡದ ನಾಟಕ, ಕನ್ನಡದ ನಟರು, ತೆಲುಗಿನ ಮಾತು. ಕನ್ನಡ ಚಿತ್ರಕ್ಕೆ ಆಗ ಅಷ್ಟು ದೊಡ್ಡ ಮಾರುಕಟ್ಟೆ ಇರಲಿಲ್ಲ. ವರ್ಷಕ್ಕೆ ಒಂದೋ ಎರಡೋ ಕನ್ನಡ ಚಿತ್ರ ಬಂದರೆ ಹೆಚ್ಚು, ಕೆಲವು ವರ್ಷ ಅದೂ ಇಲ್ಲ. ಮುಂದಿನ ವರ್ಷ ಇದೇ ಬಳಗದಿಂದ ಕನ್ನಡದ ‘ವಸಂತಸೇನಾ’ ಬಂತು.

1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಮದರಾಸಿನ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಮರುವರ್ಷ ಬಂಗಾಳದಲ್ಲಿ ಬರಗಾಲ. ರಾಜ್ಯ ಕಳೆದುಕೊಂಡು, ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾಯುವ ಅರಸನ ಕತೆ ತೆರೆಗೆ ಬಂದದ್ದು ಇಂಥ ಹೊತ್ತಿನಲ್ಲಿ. ಪಡಿತರದ ಸಾಲಿನಲ್ಲಿ ನಿಂತವರಿಗೆ ಹರಿಶ್ಚಂದ್ರನ ಬಡತನವನ್ನು ಯಾರೂ ವಿವರಿಸಬೇಕಿರಲಿಲ್ಲ.

ತಮಿಳಿಗೆ ಇದನ್ನು ಹೊಸದಾಗಿ ತೆಗೆಯಬೇಕಾದರೆ ಸೆಟ್ಟು, ವೇಷ, ಸಂಬಳ ಎಲ್ಲವೂ ಮತ್ತೊಮ್ಮೆ. ಎಲ್ಲಕ್ಕಿಂತ ಹೆಚ್ಚಾಗಿ, ಕ್ಯಾಮೆರಾಕ್ಕೆ ಸಾವಿರಾರು ಅಡಿ ಹೊಸ ಫಿಲ್ಮು. ಡಬ್ ಮಾಡಿದರೆ ಶಬ್ದಕ್ಕೂ ಪ್ರತಿಗಳಿಗೂ ಬೇಕಾದಷ್ಟು ಸಾಕು. ಪುರಾಣದ ಕತೆಯಾದ್ದರಿಂದ ಊರು, ಉಡುಪು, ಹೆಸರು ಯಾವುದೂ ತಮಿಳರಿಗೆ ಹೊರಗಿನದಲ್ಲ. ಚೆಟ್ಟಿಯಾರರ ಕೈಯಲ್ಲಿ ಐದು ವರ್ಷದ ಹಿನ್ನೆಲೆ ಗಾಯನದ ಅನುಭವವಿತ್ತು. ಒಂದು ಹಾಡನ್ನು ಇನ್ನೊಬ್ಬರ ತುಟಿಗೆ ಕೂಡಿಸಬಹುದಾದರೆ ಇಡೀ ಚಿತ್ರದ ಮಾತನ್ನೇಕೆ ಕೂಡಿಸಬಾರದು? ಈ ಪ್ರಶ್ನೆಗೆ ಬಂದು ನಿಲ್ಲಲು ಬೇಕಾದುದೆಲ್ಲ ಅವರ ಮುಂದಿತ್ತು.

ಕೆಲಸ ಮಾತ್ರ ಸಲೀಸಲ್ಲ. ಶಬ್ದವನ್ನು ಟೇಪಿನಲ್ಲಿ ಹಿಡಿದು ಅಳಿಸಿ ಮತ್ತೆ ಹಿಡಿಯುವ ಅನುಕೂಲ ನಮ್ಮ ಸ್ಟುಡಿಯೊಗಳಿಗೆ ಬಂದದ್ದು ಯುದ್ಧ ಮುಗಿದ ಮೇಲೆ. ಆಗ ಶಬ್ದವೂ ಬೆಳಕಿನ ಗೆರೆಯಾಗಿ ಫಿಲ್ಮಿನ ಮೇಲೆಯೇ ಮೂಡಬೇಕಿತ್ತು. ತಪ್ಪಾದರೆ ಫಿಲ್ಮು ಹೋಯಿತು, ಸರಿಯಾಯಿತೋ ಇಲ್ಲವೋ ತಿಳಿಯುವುದು ತೊಳೆದ ಮೇಲೆ. ಡಬ್ಬಿಂಗಿನ ಹಳೆಯ ಕ್ರಮದಲ್ಲಿ ಚಿತ್ರದ ಒಂದೊಂದು ತುಣುಕಿನ ಎರಡು ತುದಿಗಳನ್ನು ಅಂಟಿಸಿ ಬಳೆ ಮಾಡಿ, ಅದನ್ನು ತೆರೆಯ ಮೇಲೆ ಮತ್ತೆ ಮತ್ತೆ ಓಡಿಸುತ್ತಾರೆ. ಕತ್ತಲಲ್ಲಿ ನಿಂತ ಕಲಾವಿದರು ತುಟಿ ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಎಂದು ಬಾಯಿಪಾಠವಾಗುವಷ್ಟು ನೋಡಿ, ತಾಲೀಮು ಮಾಡಿ, ಆಮೇಲೆ ಮೈಕಿನ ಮುಂದೆ ಮಾತಾಡುತ್ತಾರೆ.

ಇಲ್ಲಿ ಕನ್ನಡ ತಮಿಳುಗಳ ಒಡಹುಟ್ಟು ನೆರವಿಗೂ ಬರುತ್ತದೆ, ತೊಡಕೂ ಆಗುತ್ತದೆ. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ನಿಲ್ಲುವುದರಿಂದ ಮಾತಿನ ಏರಿಳಿತ ಹೊಂದುತ್ತದೆ. ಹರಿಶ್ಚಂದ್ರನ ಕತೆಗೆ ಬೇಕಾಗುವ ಪದಗಳನ್ನೇ ತೆಗೆದುಕೊಳ್ಳಿ. ನಮ್ಮ ಸುಡುಗಾಡು ಅವರಿಗೂ ಸುಡುಕಾಡು, ನಮ್ಮ ಮಗ ಅವರ ಮಗನ್. ತುಟಿಯ ಚಲನೆ ಒಂದೇ. ಆದರೆ ಹರಿಶ್ಚಂದ್ರನ ಮಗ ಲೋಹಿತಾಶ್ವನನ್ನು ಕಚ್ಚುವುದು ನಮ್ಮಲ್ಲಿ ಹಾವು, ಅವರಲ್ಲಿ ಪಾಂಬು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಗಿ ಸಡಿಲಿತು, ತಮಿಳಿನಲ್ಲಿ ಹಾಗೇ ಉಳಿಯಿತು. ಮಾಧವರಂನ ಹಾಲಿನ ಡೈರಿಯನ್ನು ಇಲ್ಲಿನ ಬಸ್ಸಿನವರು ಪಾಲ್ ಪಣ್ಣೈ ಎಂದು ಕೂಗುವಾಗ ಅವರ ತುಟಿ ನೋಡಿ: ಪಾಲ್ ಎನ್ನಲು ಎರಡು ತುಟಿ ಮುಚ್ಚಲೇಬೇಕು. ಹಾಲು ಎನ್ನುವಾಗ ನಮ್ಮ ಬಾಯಿ ತೆರೆದೇ ಇರುತ್ತದೆ. ತೆರೆಯ ಮೇಲೆ ಕನ್ನಡದ ನಟ ಬಾಯಿ ತೆರೆದ ಕ್ಷಣದಲ್ಲಿ ತಮಿಳಿನವರು ತುಟಿ ಮುಚ್ಚುವ ಅಕ್ಷರ ಹೇಳಿದರೆ ಪ್ರೇಕ್ಷಕರ ಕಣ್ಣಿಗೆ ಕಲ್ಲು ಸಿಕ್ಕಂತೆ. ಆದ್ದರಿಂದ ಡಬ್ಬಿಂಗ್ ಬರೆಯುವವರು ಅರ್ಥವನ್ನಷ್ಟೇ ತೂಗಿದರೆ ಸಾಲದು, ಅಕ್ಷರ ಅಕ್ಷರಕ್ಕೂ ತುಟಿ ನೋಡಿ ಪದ ಹುಡುಕಬೇಕು. ಹಾಡಿನಲ್ಲಿ ಇದು ಇನ್ನೂ ಬಿಗಿ, ಏಕೆಂದರೆ ದೀರ್ಘಸ್ವರ ಹಿಡಿದಾಗ ಬಾಯಿಯ ಆಕಾರ ಬಹಳ ಹೊತ್ತು ತೆರೆಯ ಮೇಲೆ ನಿಲ್ಲುತ್ತದೆ.

ಯುದ್ಧಕಾಲದ ನಿರ್ಬಂಧಗಳಿಂದಾಗಿ ಚೆಟ್ಟಿಯಾರರು ತಮ್ಮ ಸ್ಟುಡಿಯೊವನ್ನು ಕಾರೈಕುಡಿಯಲ್ಲಿ ಕಟ್ಟಿದರು. 1945ರಲ್ಲಿ ಎವಿಎಂ ಸಂಸ್ಥೆ ಹುಟ್ಟಿತು, 1948ರಲ್ಲಿ ಸ್ಟುಡಿಯೊ ಮದರಾಸಿಗೆ ಬಂತು. 1954ರಲ್ಲಿ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ಕ್ಕೂ ಅದರ ಆಸರೆ ಸಿಕ್ಕಿತು. ದನಿ ಬೇರೆ, ದೇಹ ಬೇರೆ ಎಂಬ ಆ ಶೋಧದ ಫಲವನ್ನು ಕನ್ನಡಿಗರು ಹೆಚ್ಚು ಉಂಡದ್ದು ಅಲ್ಲಿಂದ ಮುಂದೆ. ಕಾಕಿನಾಡದಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ ಪಿ. ಬಿ. ಶ್ರೀನಿವಾಸ್ ಅವರ ಕಂಠ ಎರಡು ದಶಕ ಕಾಲ ರಾಜ್‌ಕುಮಾರರ ಹಾಡಿನ ಕಂಠವಾಯಿತು. ಸ್ವತಃ ರಂಗಭೂಮಿಯ ಗಾಯಕರಾಗಿದ್ದ ರಾಜ್‌ಕುಮಾರ್ 1974ರ ‘ಸಂಪತ್ತಿಗೆ ಸವಾಲ್’ನಿಂದ ತಮ್ಮ ಹಾಡನ್ನು ರೂಢಿಯಾಗಿ ತಾವೇ ಹಾಡತೊಡಗಿದರು.

ಡಬ್ಬಿಂಗ್ ಎಂಬ ಇನ್ನೊಂದು ಕವಲು ಕನ್ನಡಕ್ಕೆ ಅಷ್ಟು ಹಿತವಾಗಿ ಬರಲಿಲ್ಲ. ಕೊರತೆಯ ಕಾಲದಲ್ಲಿ ಒಂದು ಕನ್ನಡ ಚಿತ್ರವನ್ನು ನೆರೆಯ ನಾಡಿಗೆ ಕೊಂಡೊಯ್ದ ಉಪಾಯ, ಮುಂದೆ ದೊಡ್ಡ ಮಾರುಕಟ್ಟೆಗಳ ಚಿತ್ರಗಳನ್ನು ಕನ್ನಡದ ಸಣ್ಣ ಅಂಗಳಕ್ಕೆ ಸುರಿಯುವ ದಾರಿಯಾಗುತ್ತದೆ ಎಂಬ ಭಯ ಹುಟ್ಟಿತು. ನಟರು, ತಂತ್ರಜ್ಞರು ಅನ್ನಕ್ಕಾಗಿ ಬೀದಿಗಿಳಿದರು, ಕಾದಂಬರಿಕಾರ ಅ.ನ.ಕೃ. ಅವರಂಥ ಹಿರಿಯರು ಜೊತೆ ನಿಂತರು, 1960ರ ದಶಕದ ಚಳವಳಿ ಡಬ್ಬಿಂಗನ್ನು ದಶಕಗಳ ಕಾಲ ದೂರವಿಟ್ಟಿತು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. ಆ ಹೋರಾಟ ಮಾಡಿದವರ ಸಂಕಟ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ವಿದ್ಯೆ ನಮ್ಮಲ್ಲಿ ಹುಟ್ಟಿದ್ದು ಕನ್ನಡದ ನಟರ ಮುಖದ ಮೇಲೆ, ಮೈಸೂರು ಸೀಮೆಯ ನಾಟಕ ಕಂಪನಿಯವರ ಪರಿಶ್ರಮದ ಮೇಲೆ ಎಂಬುದನ್ನೂ ನಮ್ಮ ಚಿತ್ರಚರಿತ್ರೆ ಹೇಳಬೇಕು.

ನನಗೆ ಕಾಣುವುದು ಇಷ್ಟು. ಕಷ್ಟಕಾಲ ಹಾಡಿನ ಚಿತ್ರವನ್ನು ಕೊಲ್ಲಲಿಲ್ಲ, ಅದಕ್ಕೆ ಕಸುಬು ಕಲಿಸಿತು. ವಾದ್ಯದವರ ಕೂಲಿ ಉಳಿಸಲು, ಹಾಡಲಾರದ ನಟಿಯ ಕೊರತೆ ತುಂಬಲು, ಸಿಗದ ಫಿಲ್ಮನ್ನು ತೂಗಿಸಲು ಮಾಡಿದ ಉಪಾಯಗಳ ಮೇಲೆಯೇ ಇಂದಿನ ಭಾರತೀಯ ಚಿತ್ರಗೀತೆ ನಿಂತಿದೆ.

ಆ ಕಾಲದ ಕುರುಹುಗಳು ನಮ್ಮ ಕೈಯಿಂದ ಜಾರುತ್ತಿವೆ. ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ನಾಟಕದ ತಟ್ಟೆಗಳ ಕಟ್ಟು, ಹಳೆಯ ಜಾಹೀರಾತಿನ ಚೀಟಿ ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ಗುಜರಿಗೆ ಹಾಕಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಚೆನ್ನೈನ ರೋಜಾ ಮುತ್ತಯ್ಯ ಗ್ರಂಥಾಲಯಕ್ಕೋ ಒಂದು ಪತ್ರ ಬರೆಯಿರಿ.